ಸಂಪಾದಕರ ಉತ್ತರ: ಅಂಗಿ ತಿರುವಿ ಒಳಮೈ ನೋಡಿ

ಪತ್ರ: “ಹತ್ತಿ ಬಟ್ಟೆ, ಓಣಿಯ ದರ್ಜಿ ಎಂದು ನಿಮ್ಮ ಪತ್ರಿಕೆ ಸದಾ ಹೊಗಳುತ್ತದೆ. ಆ ಮಾತು ನಂಬಿ ನೀಲಿ ಹತ್ತಿಯ ಕುರ್ತಾ ಹೊಲಿಸಿದೆ. 40 ಇಂಚು ಉದ್ದವಿದ್ದದ್ದು ಎರಡೇ ಒಗೆತಕ್ಕೆ ಒಂದೂವರೆ ಇಂಚು ಗಿಡ್ಡವಾಯಿತು, ಬಣ್ಣ ಬನಿಯನ್ನಿಗೆ ಹತ್ತಿತು. ಮಗ ಡಿಸೈನರ್ ಮಳಿಗೆಯಿಂದ 18,000 ರೂಪಾಯಿಯ ಕುರ್ತಾ ತಂದ. ಮೈಮೇಲೆ ನೀರಿನಂತೆ ಇಳಿಬೀಳುತ್ತದೆ. ನಾಲ್ಕು ಸಲ ತೊಟ್ಟ ಮೇಲೆ ಕಂಕುಳಲ್ಲಿ ಹರಿಯಿತು, ದರ್ಜಿ ಹೊಲಿಗೆಯ ಒಳಗೆ ಬಿಡುವ ಬಟ್ಟೆ, ಮಾರ್ಜಿನ್ನೇ ಇಲ್ಲ ಎಂದ, ಅದು ಬೇರೆ ಮಾತು. ಒಳ್ಳೆಯದಕ್ಕೆ ಒಳ್ಳೆಯ ಬೆಲೆ ಕೊಡಬೇಕೆಂಬುದನ್ನು ನೀವೇಕೆ ಒಪ್ಪುವುದಿಲ್ಲ?”
ಹುಬ್ಬಳ್ಳಿಯ ಓದುಗರೊಬ್ಬರು

ಉತ್ತರ: ಬಟ್ಟೆ ಗಿಡ್ಡವಾಯಿತೆಂದು ಗೊಣಗುವವರು ಬಹಳ, ಟೇಪು ಹಿಡಿದು ಅಳೆಯುವವರು ಕಡಿಮೆ. ನೀವು ಅಳೆದು ಬರೆದಿದ್ದೀರಿ, ಅದಕ್ಕೇ ಈ ಪತ್ರ ಆರಿಸಿಕೊಂಡೆವು. ಆದರೆ 18,000 ರೂಪಾಯಿಯ ಕುರ್ತಾ ಹರಿದದ್ದನ್ನು ‘ಬೇರೆ ಮಾತು’ ಎಂದು ಸರಿಸಿಬಿಟ್ಟಿರಲ್ಲ, ಅದು ನಮಗೆ ಸರಿಬರಲಿಲ್ಲ. ಇರುವುದು ಅದೇ ಮಾತು.

ಒಳ್ಳೆಯದಕ್ಕೆ ಒಳ್ಳೆಯ ಬೆಲೆ ಎಂಬುದನ್ನು ಮೊದಲೇ ಒಪ್ಪಿಬಿಡುತ್ತೇವೆ. ಮೈಸೂರು ರೇಷ್ಮೆ ಸೀರೆಯ ಜರಿಯಲ್ಲಿ ನೂರಕ್ಕೆ 65 ಪಾಲು ಬೆಳ್ಳಿ, 0.65 ಪಾಲು ಚಿನ್ನ ಇರುತ್ತದೆ. ಅಲ್ಲಿ ಕೊಟ್ಟ ದುಡ್ಡು ಸೀರೆಯಲ್ಲೇ ಉಳಿದಿರುತ್ತದೆ. ಇಳಕಲ್ಲಿನಲ್ಲಿ ಸೆರಗಿನ ಹಾಸನ್ನು (ಮಗ್ಗದಲ್ಲಿ ಉದ್ದಕ್ಕೆ ಎಳೆದ ನೂಲನ್ನು) ಒಡಲಿನ ಹಾಸಿನ ಜೊತೆ ಎಳೆ ಎಳೆಯಾಗಿ ಕೊಂಡಿ ಹಾಕಿ ಕೂಡಿಸುತ್ತಾರೆ, ಟೋಪ ತೆನಿ ಸೆರಗು ಹಾಗೆ ಹುಟ್ಟುತ್ತದೆ. ಒಂದೊಂದು ಸೀರೆಗೂ ಈ ಕೆಲಸ ಹೊಸದಾಗಿ ಆಗಬೇಕು. ಕೈಯ ಕೆಲಸವನ್ನೇ ನೆಚ್ಚಿದ ಡಿಸೈನರುಗಳೂ ಇದ್ದಾರೆ, ಅವರಿಗೆ ನಮ್ಮ ಗೌರವವಿದೆ.

ಈಗ ನಿಮ್ಮ ಒಂದೂವರೆ ಇಂಚಿಗೆ ಬರೋಣ. 40ಕ್ಕೆ ಒಂದೂವರೆ ಎಂದರೆ ನೂರಕ್ಕೆ ನಾಲ್ಕರ ಹತ್ತಿರ. ಕುಗ್ಗಿಸದೆ ಮಾರುವ ಹತ್ತಿ ಬಟ್ಟೆ ಅಷ್ಟು ಎಳೆದುಕೊಳ್ಳುವುದು ಸಹಜ. ಮಗ್ಗದ ಮೇಲೂ ಆಮೇಲೆ ಗಿರಣಿಯಲ್ಲೂ ಹಾಸಿನ ಎಳೆಗಳನ್ನು ಬಿಗಿಯಾಗಿ ಎಳೆದಿರುತ್ತಾರೆ. ನೀರು ಕುಡಿದಾಗ ಅವು ಸಡಿಲಗೊಂಡು ತಮ್ಮ ಅಳತೆಗೆ ಮರಳುತ್ತವೆ. ಉದ್ದದಲ್ಲಿ ಹೆಚ್ಚು, ಪನ್ನದಲ್ಲಿ (ಅಗಲದಲ್ಲಿ) ಕಡಿಮೆ. ಇದು ಬಟ್ಟೆಯ ತಪ್ಪಲ್ಲ, ಕತ್ತರಿ ಹಾಕುವ ಮೊದಲು ನೆನೆಸದವರ ತಪ್ಪು. 44 ಇಂಚು ಪನ್ನದ ಬಟ್ಟೆಯಾದರೆ ಉದ್ದ ತೋಳಿನ ಕುರ್ತಾಕ್ಕೆ ಮೂರು ಮೀಟರ್ ತನ್ನಿ. ಇಡೀ ರಾತ್ರಿ ತಣ್ಣೀರಲ್ಲಿ ನೆನೆಹಾಕಿ, ಹಿಂಡದೆ ನೆರಳಲ್ಲಿ ಒಣಗಿಸಿ, ಸ್ವಲ್ಪ ಹಸಿ ಇರುವಾಗಲೇ ಉದ್ದನೂಲಿನ ಗುಂಟ ಇಸ್ತ್ರಿ ಮಾಡಿ, ಆಮೇಲೆ ದರ್ಜಿಗೆ ಕೊಡಿ. ಮೂರು ಮೀಟರಿನಲ್ಲಿ ಹತ್ತು ಹನ್ನೆರಡು ಸೆಂಟಿಮೀಟರ್ ಅಲ್ಲಿಯೇ ಹೋಗುತ್ತದೆ. ಹೋಗಲಿ, ಹೊಲಿದ ಮೇಲೆ ಹೋಗುವುದಿಲ್ಲ. ರವಿಕೆಯಾದರೆ ಅಸ್ತರನ್ನೂ ನೆನೆಸಬೇಕು. ಮೇಲಿನದನ್ನು ನೆನೆಸಿ ಅಸ್ತರನ್ನು ಹಾಗೇ ಕೊಟ್ಟರೆ, ಮೊದಲ ಒಗೆತಕ್ಕೆ ಒಳಗಿನದು ಕುಗ್ಗಿ ಮೇಲಿನದನ್ನು ಎಳೆದು ರವಿಕೆ ತುಂಬ ಸುಕ್ಕು ಬೀಳುತ್ತದೆ. ಪಾಪ, ಬೈಸಿಕೊಳ್ಳುವವನು ದರ್ಜಿ.

ಬಣ್ಣದ ಪರೀಕ್ಷೆ ಅಂಗಡಿಯಲ್ಲೇ ಆಗಬೇಕಿತ್ತು. ಬಿಳಿ ಕರ್ಚೀಫಿನ ತುದಿಯನ್ನು ಒದ್ದೆ ಮಾಡಿ ಬಟ್ಟೆಯ ಮೇಲೆ ಹತ್ತು ಸಲ ಉಜ್ಜಿ. ಕರ್ಚೀಫು ನೀಲಿಯಾದರೆ ಬನಿಯನ್ನೂ ಆಗುತ್ತದೆ. ಮನೆಗೆ ತಂದು ಉಪ್ಪುನೀರಲ್ಲಿ ನೆನೆಸಿದರೆ ಬಣ್ಣ ನಿಲ್ಲುತ್ತದೆಂಬ ನಂಬಿಕೆ ಮನೆಮನೆಯಲ್ಲೂ ಇದೆ. ಉಪ್ಪಿಗೆ ಕೆಲಸವಿರುವುದು ಬಣ್ಣದ ತೊಟ್ಟಿಯಲ್ಲಿ, ಬಣ್ಣವನ್ನು ನೂಲಿನ ಕಡೆಗೆ ದೂಡಲು. ಬಣ್ಣ ಹಾಕಿ ಮುಗಿದ ಬಟ್ಟೆಗೆ ಬಕೆಟ್ಟಿನ ತಣ್ಣನೆ ಉಪ್ಪುನೀರು ಏನೂ ಮಾಡದು.

ಇನ್ನು ಮಗನ ಕುರ್ತಾ. ‘ನೀರಿನಂತೆ ಇಳಿಬೀಳುತ್ತದೆ’ ಎಂದಿರಿ. ಹಾಗೆ ಬೀಳುವುದು ಹೆಚ್ಚಾಗಿ ವಿಸ್ಕೋಸ್, ನಮ್ಮ ಅಂಗಡಿಗಳಲ್ಲಿ ರೇಯಾನ್ ಎನ್ನುವುದೂ ಅದನ್ನೇ. ಕತ್ತಿನ ಹತ್ತಿರದ ಹೆಸರಿನ ಚೀಟಿ ಬಿಡಿ, ಒಳಗೆ ಪಕ್ಕದ ಹೊಲಿಗೆಯಲ್ಲಿ ಸಿಕ್ಕಿಸಿರುವ ಸಣ್ಣ ಚೀಟಿ ಓದಿ. ಚೀಟಿ ಇಲ್ಲದಿದ್ದರೆ ಒಳಅಂಚಿನಿಂದ ಎರಡು ಎಳೆ ಕಿತ್ತು ಸುಡಿ. ಪಾಲಿಯೆಸ್ಟರ್ ಕರಗಿ ಗಟ್ಟಿ ಮಣಿಯಾಗುತ್ತದೆ, ರೇಷ್ಮೆ ಸುಟ್ಟ ಕೂದಲಿನ ವಾಸನೆ ಕೊಡುತ್ತದೆ. ಹತ್ತಿಯೂ ವಿಸ್ಕೋಸೂ ಎರಡೂ ಕಾಗದದಂತೆಯೇ ಉರಿಯುತ್ತವೆ, ಬೆಂಕಿ ಇಲ್ಲಿ ಭೇದ ಹೇಳಲಾರದು. ನೀರು ಹೇಳುತ್ತದೆ. ಒಂದೊಂದು ಎಳೆಯ ನಡುಭಾಗ ನೆನೆಸಿ ಎರಡೂ ಕೈಯಿಂದ ಎಳೆಯಿರಿ: ವಿಸ್ಕೋಸ್ ಒದ್ದೆಯಾದ ಜಾಗದಲ್ಲೇ ಪಟ್ಟನೆ ಕಡಿಯುತ್ತದೆ. ಹತ್ತಿ ಒದ್ದೆಯಾದಾಗ ಇನ್ನಷ್ಟು ಗಟ್ಟಿ, ವಿಸ್ಕೋಸ್ ತನ್ನ ಬಲದ ಹೆಚ್ಚುಕಡಿಮೆ ಅರ್ಧವನ್ನು ಕಳೆದುಕೊಳ್ಳುತ್ತದೆ. ಮೈಯಲ್ಲಿ ಸದಾ ಒದ್ದೆಯಾಗುವ ಜಾಗ ಯಾವುದು? ಕಂಕುಳು. ಹರಿದದ್ದೂ ಅಲ್ಲಿಯೇ.

ಅದರ ಮೇಲೆ ಮಾರ್ಜಿನ್ ಇಲ್ಲ. ನುಣುಪು ಎಳೆಗಳು ಹೊಲಿಗೆಯಿಂದ ಜಾರುತ್ತವೆ. ಪಕ್ಕದಲ್ಲಿ ಒಂದಿಂಚು, ಕಂಕುಳ ಸುತ್ತ ಕನಿಷ್ಠ ಅರ್ಧ ಇಂಚು ಬಟ್ಟೆ ಒಳಗಿದ್ದರೆ ಜಾರಿದರೂ ಹಿಡಿತ ಉಳಿಯುತ್ತದೆ, ಮೈ ಬಂದಾಗ ಬಿಚ್ಚಿ ಸಡಿಲ ಮಾಡಲೂ ಆಗುತ್ತದೆ. ಕಾಲಿಂಚು ಬಿಟ್ಟು, ಅಂಚು ಬಿಚ್ಚದಂತೆ ಓವರ್‌ಲಾಕ್ ಹೊಡೆದರೆ ಎರಡೂ ಇಲ್ಲ. ಇಂಚಿಗೆ ಹತ್ತು ಹನ್ನೆರಡು ಹೊಲಿಗೆ ಇದೆಯೇ ಎಣಿಸಿ. ಆರೇಳಾದರೆ ಬಾಯಿ ಬಿಡುತ್ತದೆ, ತೆಳು ಬಟ್ಟೆಗೆ ಹದಿನೆಂಟು ಹಾಕಿದರೆ ಅಂಚೆಚೀಟಿಯಂತೆ ತೂತುಗಳ ಗುಂಟ ಹರಿಯುತ್ತದೆ. ಕಂಕುಳ ಸುತ್ತನ್ನು ಕೆಳಕ್ಕೆ ಕತ್ತರಿಸಿದರೆ ಸಡಿಲವಾಗಿರುತ್ತದೆ ಎಂಬುದೂ ತಪ್ಪು. ಕೆಳಗಿದ್ದರೆ ಕೈ ಎತ್ತಿದಾಗ ಇಡೀ ಕುರ್ತಾ ಮೇಲೆದ್ದು ಭಾರವೆಲ್ಲ ಆ ಮೂಲೆಗೆ ಬೀಳುತ್ತದೆ. ಮೈಗೆ ಹತ್ತಿರ ಕತ್ತರಿಸಿ ಕಂಕುಳಡಿ ಚೌಕದ ತುಂಡು, ಅಂದರೆ ಬಗಲುಪಟ್ಟಿ, ಕೂಡಿಸಿದರೆ ಕೈ ಸಲೀಸಾಗಿ ಆಡುತ್ತದೆ. ಹಳೆಯ ಕುರ್ತಾಗಳನ್ನೆಲ್ಲ ಹೀಗೆಯೇ ಹೊಲಿಯುತ್ತಿದ್ದರು.

ಭಾರ ಬೀಳುವ ಕಡೆ ಬಲ ಕೊಡುವುದು ದುಡಿಯುವವರ ಬಟ್ಟೆಯಿಂದ ಬಂದ ವಿದ್ಯೆ. ಅಮೆರಿಕದ ರೀನೊ ಊರಿನ ದರ್ಜಿ ಜೇಕಬ್ ಡೇವಿಸ್, ಕೂಲಿಗಳ ಪ್ಯಾಂಟಿನ ಜೇಬಿನ ಮೂಲೆ ಕಿತ್ತುಹೋಗುತ್ತಿತ್ತೆಂದು ಅಲ್ಲಿಗೆ ತಾಮ್ರದ ರಿವೆಟ್ (ಗುಂಡಿಯಂಥ ಮೊಳೆ) ಬಡಿದ. ಬಟ್ಟೆ ವ್ಯಾಪಾರಿ ಲೆವಿ ಸ್ಟ್ರಾಸ್ ಜೊತೆಗೂಡಿ 1873ರ ಮೇ 20ರಂದು ಪೇಟೆಂಟ್ ಪಡೆದ. ಇವತ್ತು ಅದೇ ಪ್ಯಾಂಟನ್ನು, ಅಂದರೆ ಜೀನ್ಸನ್ನು, ಬೇಕೆಂದೇ ಹರಿದು ನಾಲ್ಕು ಪಟ್ಟು ಬೆಲೆಗೆ ಮಾರುತ್ತಾರೆ. ಆ ದರ್ಜಿಯ ಬುದ್ಧಿಗೆ ಇದಕ್ಕಿಂತ ದೊಡ್ಡ ಅವಮಾನ ನಮಗೆ ಕಾಣದು.

ನಮ್ಮ ಸಂಕಟ ಇಲ್ಲಿಂದ ಶುರು. ಬೆಲೆ ಬಟ್ಟೆಯನ್ನು ಬಿಟ್ಟು ಹೆಸರಿಗೆ ಅಂಟಿಕೊಂಡಿದೆ. ಲಂಡನ್ನಿನ ದುಬಾರಿ ಉಡುಪಿನ ಕಂಪನಿ ಬರ್ಬೆರಿ ಮಾರಾಟವಾಗದ 2.86 ಕೋಟಿ ಪೌಂಡಿನ ಸರಕನ್ನು ಒಂದೇ ವರ್ಷದಲ್ಲಿ ನಾಶಮಾಡಿದ್ದು 2018ರಲ್ಲಿ ಅದರ ಲೆಕ್ಕಪತ್ರದಿಂದಲೇ ಹೊರಬಂತು, ಗದ್ದಲವೆದ್ದ ಮೇಲೆ ನಿಲ್ಲಿಸಿತು. 2025ರ ಜೂನ್‌ನಲ್ಲಿ ಮಿಲಾನಿನ ವೇದಿಕೆಯಲ್ಲಿ ಇಟಲಿಯ ಫ್ಯಾಷನ್ ಕಂಪನಿ ಪ್ರಾಡಾ ತೋರಿಸಿದ ಚಪ್ಪಲಿ ನಮ್ಮ ಕಡೆಯ ಕೊಲ್ಹಾಪುರಿಯೇ. 2019ರಲ್ಲಿ ಈ ಚಪ್ಪಲಿಗೆ ಸಿಕ್ಕ ಭೌಗೋಳಿಕ ಗುರುತಿನಲ್ಲಿ (ಜಿಐ) ಕೊಲ್ಹಾಪುರದ ಜೊತೆಗೆ ಬೆಳಗಾವಿ, ಧಾರವಾಡ, ಬಾಗಲಕೋಟೆ, ವಿಜಯಪುರ ಜಿಲ್ಲೆಗಳೂ ಇವೆ. ಅಥಣಿಯ ಕಡೆ ಎಮ್ಮೆ ತೊಗಲನ್ನು ಜಾಲಿ ತೊಗಟೆ, ಅಳಲೆಕಾಯಿಯಲ್ಲಿ ಹದ ಮಾಡಿ, ಒಂದೂ ಮೊಳೆ ಬಡಿಯದೆ ತೊಗಲಿನ ಎಳೆಯಿಂದಲೇ ಹೊಲಿಯುತ್ತಾರೆ. ಪ್ರಾಡಾ ಅದಕ್ಕೆ ಮೊದಲಿಟ್ಟ ಹೆಸರು ಬರಿಯ ‘ಚರ್ಮದ ಚಪ್ಪಲಿ’. ಕೂಗೆದ್ದ ಮೇಲಷ್ಟೇ ಮೂಲ ಒಪ್ಪಿಕೊಂಡರು. ನಮ್ಮ ಮಕ್ಕಳು ಸಂತೆಯಲ್ಲಿ ಅದಕ್ಕೇ ಮುನ್ನೂರು ಹೇಳಿದರೆ, ಇನ್ನೂರೈವತ್ತಕ್ಕೆ ಕೊಡು ಎನ್ನುತ್ತಾರೆ. ಹೊಲಿಗೆ ಕೂಲಿ ಐವತ್ತು ಹೆಚ್ಚು ಕೇಳಿದರೆ ದರ್ಜಿಯೊಂದಿಗೆ ಜಗಳಕ್ಕಿಳಿಯುವವರು ಮಾಲಿನಲ್ಲಿ ಚೀಟಿಯ ಬೆಲೆ ನೋಡಿ ಸುಮ್ಮನೆ ಕಾರ್ಡು ಕೊಡುತ್ತಾರೆ. ಕತ್ತರಿ ಕೆಲಸ ಬಲ್ಲ ಎಷ್ಟೋ ದರ್ಜಿಗಳು ಈಗ ಪ್ಯಾಂಟಿನ ಕಾಲು ಮಡಚುತ್ತ, ಸೀರೆಗೆ ಫಾಲ್ ಹಚ್ಚುತ್ತ ಕೂತಿದ್ದಾರೆ.

ಬಟ್ಟೆ ಕೊಳ್ಳುವಾಗ ನೂಲಿನ ನಂಬರ್ ಕೇಳಿ. ನಂಬರ್ ಏರಿದಷ್ಟೂ ನೂಲು ಸಣ್ಣ. ನಮ್ಮ ಸೆಕೆಗೆ 60ರ ನೂಲಿನ ಕೇಂಬ್ರಿಕ್ ಎಂಬ ತೆಳು ಹತ್ತಿ ಬಟ್ಟೆ ಹಿತ: ಇಂಚಿಗೆ 92 ಹಾಸು, 88 ಹೊಕ್ಕು (ಅಡ್ಡ ಎಳೆ) ಅದರ ರೂಢಿಯ ನೇಯ್ಗೆ. ಬೆಳಕಿಗೆ ಹಿಡಿದರೆ ಎಳೆಗಳು ಸಮ ಕಾಣಬೇಕು. ಮೂಲೆಯನ್ನು ಬೆರಳಲ್ಲಿ ಉಜ್ಜಿದಾಗ ಬಿಳಿ ಪುಡಿ ಉದುರಿದರೆ ಅದು ಗಂಜಿಯ ಗಟ್ಟಿತನ, ನೂಲಿನದಲ್ಲ.

ಮಗನ ಕುರ್ತಾ ಎಸೆಯಬೇಡಿ. ಒಳಜೇಬು ಅದೇ ಬಟ್ಟೆಯದಾಗಿದ್ದರೆ ಬಿಚ್ಚಿಸಿ, ಮೂರೂವರೆ ಇಂಚಿನ ಎರಡು ಚೌಕ ಕತ್ತರಿಸಲು ಹೇಳಿ. ಸುತ್ತ ಅರ್ಧ ಇಂಚು ಹೊಲಿಗೆಗೆ ಹೋಗಿ ಎರಡೂವರೆ ಇಂಚಿನ ಬಗಲುಪಟ್ಟಿ ಉಳಿಯುತ್ತದೆ. ಹರಿದ ಅಂಚನ್ನು ಗಟ್ಟಿ ಬಟ್ಟೆ ಸಿಗುವವರೆಗೆ ಕತ್ತರಿಸಿ, ಹಿಂದಿನಿಂದ ತೆಳು ಹತ್ತಿಪಟ್ಟಿ ಕೊಟ್ಟು ಕೂಡಿಸಲಿ. ಹರಿಯದ ಕಡೆಯ ಕಂಕುಳಿಗೂ ಈಗಲೇ ಹಾಕಿಸಿ. ಜೇಬಿಗೆ ಕೇಂಬ್ರಿಕ್ ಸಾಕು. ದರ್ಜಿ ಕೇಳಿದ ಕೂಲಿಯನ್ನು ಚೌಕಾಸಿ ಮಾಡದೆ ಕೊಡಿ.