ಜೋನಿ ಬೆಲ್ಲದಲ್ಲಿ ಬೆಳೆಸಿದ ಅಸ್ಟಾಕ್ಸಾಂಥಿನ್ ಯೀಸ್ಟ್ ಯಾಕೆ ಕೆಂಪಾಗುತ್ತಿಲ್ಲ?

ತೀರ್ಥಹಳ್ಳಿಯ ಲ್ಯಾಬಿನಲ್ಲಿ ಜೋನಿ (ದ್ರವ) ಬೆಲ್ಲ ಹಾಕಿ ಬೆಳೆಸಿದ, ಅಸ್ಟಾಕ್ಸಾಂಥಿನ್ ಎಂಬ ಕೆಂಪು ಬಣ್ಣದ್ರವ್ಯ ಕಟ್ಟಬೇಕಾದ ಫ್ಯಾಫಿಯಾ ಯೀಸ್ಟ್ ಬಿಳಿಚಿಕೊಂಡೇ ಇದೆ, ಹೆಂಡದ ವಾಸನೆ ಬೇರೆ ಬರುತ್ತಿದೆ ಎಂದು ಕೇಳಿದ್ದೀರಿ. ಆ ವಾಸನೆಯಲ್ಲೇ ಉತ್ತರವಿದೆ: ಸಕ್ಕರೆ ಹೆಚ್ಚಾಗಿದೆ, ಗಾಳಿ ಸಾಲುತ್ತಿಲ್ಲ. ಸಿಹಿ ಜಾಸ್ತಿಯಾದರೆ ಈ ಯೀಸ್ಟ್ ಬಣ್ಣ ಕಟ್ಟುವುದು ಬಿಟ್ಟು ಆಲ್ಕೋಹಾಲ್ ಮಾಡುತ್ತದೆ.

ಲೀಟರಿಗೆ 30 ಗ್ರಾಂ ಜೋನಿ ಸಾಕು, ಅದರಲ್ಲಿ ಸಕ್ಕರೆ ಸುಮಾರು 20 ಗ್ರಾಂ ಇರುತ್ತದೆ. ಕದಡಿ, ಬಟ್ಟೆಯಲ್ಲಿ ಸೋಸಿ, 3 ಗ್ರಾಂ ಯೀಸ್ಟ್ ಎಕ್ಸ್‌ಟ್ರಾಕ್ಟ್, 2 ಗ್ರಾಂ ಅಮೋನಿಯಂ ಸಲ್ಫೇಟ್ ಸೇರಿಸಿ. ಪಿಎಚ್ (ಹುಳಿಯ ಅಳತೆ) 5ಕ್ಕೆ ತಂದು, 121 ಡಿಗ್ರಿಯಲ್ಲಿ 20 ನಿಮಿಷ ಆಟೋಕ್ಲೇವ್ ಮಾಡಿ (ಒತ್ತಡದ ಹಬೆಯಲ್ಲಿ ಕ್ರಿಮಿ ಕೊಲ್ಲಿ). ಯೀಸ್ಟ್ ಬೆಳೆಯುತ್ತಾ ಅಮೋನಿಯಂ ಖರ್ಚಾದಂತೆ ಪಿಎಚ್ ಇಳಿಯುತ್ತದೆ, ದಿನಕ್ಕೊಮ್ಮೆ ನೋಡಿ.

ಫ್ಲಾಸ್ಕಿನ ಐದನೇ ಒಂದು ಭಾಗ ಮಾತ್ರ ತುಂಬಿ, ಶೇಕರಿನಲ್ಲಿಟ್ಟು 200 ಆರ್‌ಪಿಎಂನಲ್ಲಿ (ನಿಮಿಷಕ್ಕೆ 200 ಸುತ್ತು) ಐದು ದಿನ ಅಲುಗಾಡಿಸಿ. ಉಷ್ಣತೆ 20ರಿಂದ 22 ಡಿಗ್ರಿ. 27 ದಾಟಿದರೆ ಬೆಳವಣಿಗೆಯೇ ಕುಗ್ಗುತ್ತದೆ. ಮಲೆನಾಡಿನ ಮಳೆಗಾಲದ ತಂಪನ್ನು ನಂಬಿ ಕೂರಬೇಡಿ, ಶೇಕರಿನ ಮೋಟಾರೇ ಬಿಸಿ ಬಿಡುತ್ತದೆ. ತಂಪು ಮಾಡುವ ಇನ್‌ಕ್ಯುಬೇಟರ್ ಬೇಕೇ ಬೇಕು.

ಸರಿಯಾದರೆ ತಳದಲ್ಲಿ ಸಾಲ್ಮನ್ ಮೀನಿನ ಮಾಂಸದಂಥ ಕಿತ್ತಳೆಗೆಂಪು ಗಸಿ ನಿಲ್ಲುತ್ತದೆ. ಜೀವಕೋಶದ ಗೋಡೆ ದಪ್ಪ. ಗಾಜಿನ ಮಣಿ ಹಾಕಿ ಒಡೆಯದಿದ್ದರೆ, ಬಣ್ಣ ಕರಗಿಸುವ ಅಸಿಟೋನ್ ಹಾಕಿದರೂ ಬಣ್ಣ ಪೂರ್ತಿ ಬಿಡುವುದಿಲ್ಲ. ತೆಗೆದದ್ದನ್ನು ಕತ್ತಲಲ್ಲಿ, ತಣ್ಣಗೆ ಇಡಿ.