ಹಟ್ಟಿ, ಬಾವಿ ಮತ್ತು ನೆರೆಮನೆ

ಉಡುಪಿ ಪೆರಂಪಳ್ಳಿಯ ಓದುಗರೊಬ್ಬರ ಪತ್ರ: "ಎಂಟು ಸೆಂಟ್ಸ್ ಜಾಗದಲ್ಲಿ ಮನೆ ಕಟ್ಟಿ ಮೂರು ವರ್ಷವಾಯಿತು. ಪಕ್ಕದ ಮನೆಯವರಿಗೆ ಕಂಬಳದ ಒಂದು ಜೋಡಿ ಕೋಣ, ಎರಡು ದನ ಇವೆ. ಮಳೆಗಾಲದಲ್ಲಿ ವಾಸನೆ, ನೊಣ. ಈ ಸಲ ಬಾವಿ ನೀರಿನ ಬಣ್ಣವೂ ಕೆಟ್ಟಿದೆ. ವಸತಿ ಜಾಗದಲ್ಲಿ ಇವನ್ನೆಲ್ಲ ಸಾಕಬಹುದೆ? ನಗರಸಭೆಗೆ ದೂರು ಕೊಟ್ಟರೆ ಸಾಗಿಸುತ್ತಾರೆಯೆ?"

ಮೊದಲು ಬಾವಿಯ ವಿಚಾರ. ಆ ನೀರು ಕುಡಿಯುವುದನ್ನು ಇವತ್ತೇ ನಿಲ್ಲಿಸಿ, ಪರೀಕ್ಷೆಗೆ ಕೊಡಿ. ಕೋಲಿಫಾರ್ಮ್ (ನೀರಿಗೆ ಮಲ ಸೇರಿದ್ದನ್ನು ತೋರಿಸುವ ರೋಗಾಣು) ಜೊತೆಗೆ ಸೆಗಣಿ-ಗಂಜಲದಿಂದ ನೀರಿಗಿಳಿಯುವ ನೈಟ್ರೇಟ್ ಕೂಡ ನೋಡಿಸಿ. ಕುದಿಸಿದರೆ ರೋಗಾಣು ಸಾಯುತ್ತದೆ, ನೈಟ್ರೇಟ್ ಹೋಗುವುದಿಲ್ಲ. ಮನೆಯಲ್ಲಿ ಹಸುಗೂಸಿದ್ದರೆ ಇದು ತಮಾಷೆಯ ಮಾತಲ್ಲ.

ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ಲೆಕ್ಕದಲ್ಲಿ 400 ಕಿಲೋ ತೂಗುವ ಒಂದು ಜಾನುವಾರು ದಿನಕ್ಕೆ 15ರಿಂದ 20 ಕಿಲೋ ಸೆಗಣಿ ಹಾಕುತ್ತದೆ, ಹೆಚ್ಚುಕಡಿಮೆ ಅಷ್ಟೇ ಲೀಟರ್ ಗಂಜಲ. ನಾಲ್ಕು ಬಾಯಿಗೆ ನೀವೇ ಗುಣಿಸಿ. ನಮ್ಮ ಅಜ್ಜಿಮನೆಯ ಹಟ್ಟಿಯ (ದನದ ಕೊಟ್ಟಿಗೆಯ) ಹಿಂದೆ ಆಷಾಢದ ಮಳೆಗೆ ಸೊಪ್ಪು ಕೊಳೆತು, ಚಹಾದ ಬಣ್ಣದ ನೀರು ಪಾಗಾರದ ಬುಡದಲ್ಲೇ ಹರಿದು ತೋಡು ಸೇರುತ್ತಿದ್ದುದನ್ನು ನೋಡಿ ಬೆಳೆದವನು ನಾನು. ತೋಡಿನಿಂದ ಅದು ಗದ್ದೆಗೆ ಹೋಗುತ್ತಿತ್ತು, ಗದ್ದೆಗೆ ಅದೇ ಬೇಕಿತ್ತು. ಈಗ ಗದ್ದೆ ಸೈಟಾಗಿದೆ, ತೋಡಿನ ಮೇಲೆ ಕಾಂಕ್ರೀಟ್ ಬಿದ್ದಿದೆ. ತೂತುತೂತಾದ ಮುರಕಲ್ಲಿನ ನೆಲದಲ್ಲಿ ಆ ನೀರು ಬಾವಿಯನ್ನಲ್ಲದೆ ಇನ್ನೆಲ್ಲಿಗೆ ಹೋದೀತು?

ಇನ್ನು ಕಾನೂನು. ನಿಮ್ಮ ಜಾಗ 1964ರ ಭೂಕಂದಾಯ ಕಾಯ್ದೆಯಂತೆ ಕೃಷಿಯಿಂದ ವಸತಿಗೆ ಪರಿವರ್ತನೆಯಾದದ್ದು. ಅವರದ್ದೂ ಆಗಿದೆಯೆ? ಪಹಣಿ ತೆಗೆಸಿ ನೋಡಿ. ಕೃಷಿ ಜಮೀನಾಗಿಯೇ ಉಳಿದಿದ್ದರೆ ಹಟ್ಟಿಯನ್ನು ಅಕ್ರಮ ಎನ್ನುವುದು ಕಷ್ಟ. ಆ ಜಾಗ ಯಾವ ವಲಯದಲ್ಲಿದೆ ಎಂಬುದು ನಗರಾಭಿವೃದ್ಧಿ ಪ್ರಾಧಿಕಾರದ ಮಹಾಯೋಜನೆಯ ನಕ್ಷೆಯಲ್ಲಿ ಸಿಗುತ್ತದೆ. ಲಕ್ಷಕ್ಕಿಂತ ಹೆಚ್ಚು ಜನರಿರುವ ಊರಿನಲ್ಲಿ ಲಾಭಕ್ಕಾಗಿ ಐದು ಅಥವಾ ಹೆಚ್ಚು ದನ-ಎಮ್ಮೆ ಸಾಕಿದರೆ ನೋಂದಣಿ ಬೇಕೆಂದು 1978ರ ನಿಯಮ ಹೇಳುತ್ತದೆ. ನಿಮ್ಮ ನೆರೆಯವರದ್ದು ನಾಲ್ಕೇ. ವಾಸದ ಮನೆಯಿಂದ 200 ಮೀಟರ್ ದೂರ ಎಂಬ ಮಾತನ್ನೂ ಯಾರಾದರೂ ನಿಮ್ಮ ಕಿವಿಗೆ ಹಾಕಿಯಾರು. ಅದು ಡೇರಿ, ಗೋಶಾಲೆಗಳಿಗೆ ಮಂಡಳಿ ಕೊಟ್ಟ ಮಾರ್ಗಸೂಚಿ. ಅದನ್ನು ಮನೆಹಟ್ಟಿಗೆ ಹಚ್ಚಿದರೆ ಪೆರಂಪಳ್ಳಿಯಲ್ಲಿ ಒಂದು ಹಟ್ಟಿಯೂ ಉಳಿಯಲಿಕ್ಕಿಲ್ಲ.

ಹಾಗಾದರೆ ನೀವು ಸುಮ್ಮನಿರಬೇಕೆ? ಖಂಡಿತ ಬೇಡ. ಹಟ್ಟಿ ಮೊದಲೇ ಇತ್ತು ಎಂಬುದು ನೆರೆಯವನ ಬಾವಿ ಕೆಡಿಸಲು ಪರವಾನಗಿಯಲ್ಲ, ಇದನ್ನು ಕೋಣದ ಯಜಮಾನರಿಗೂ ಹೇಳುತ್ತಿದ್ದೇನೆ. ಗೊಬ್ಬರದ ಗುಂಡಿ ಬಾವಿಯಿಂದ ದೂರ, ತಗ್ಗಿನ ಕಡೆಗೆ ಹೋಗಬೇಕು. ಅದರ ಮೇಲೆ ಸೂರು, ತಳಕ್ಕೆ ಸಿಮೆಂಟ್ ಬೇಕು. ಗಂಜಲಕ್ಕೆ ಬೇರೆ ತೊಟ್ಟಿ. ಗೋಬರ್ ಗ್ಯಾಸ್ ಹಾಕಿಸಿದರೆ ನೊಣವೂ ಕಡಿಮೆ. ಇಷ್ಟಕ್ಕೂ ಒಪ್ಪದಿದ್ದರೆ ನಗರಸಭೆಯ ಆರೋಗ್ಯ ವಿಭಾಗಕ್ಕೆ ಬರೆದುಕೊಡಿ. ಅಲ್ಲೂ ಆಗದಿದ್ದರೆ ನಾಗರಿಕ ಸುರಕ್ಷಾ ಸಂಹಿತೆಯ (ಹಿಂದಿನ ಸಿಆರ್‌ಪಿಸಿ) 152ನೇ ಕಲಮಿನಡಿ, ಅಂದರೆ ಸಾರ್ವಜನಿಕ ಉಪದ್ರವದ ತೆರವಿಗೆ, ಉಪವಿಭಾಗಾಧಿಕಾರಿಗೆ ಅರ್ಜಿ ಹಾಕಬಹುದು. ಅರ್ಜಿಯಲ್ಲಿ ಗುಂಡಿ ತೆರವು ಕೇಳಿ, ಕೋಣಗಳನ್ನಲ್ಲ.

ಅದಕ್ಕೂ ಮುಂಚೆ ಒಂದು ಸಂಜೆ ಅವರ ಅಂಗಳಕ್ಕೆ ಹೋಗಿ. ಕೋಣಗಳಿಗೆ ಎಣ್ಣೆ ತಿಕ್ಕಿ, ಬೇಯಿಸಿದ ಹುರುಳಿ ಇಡುವ ಹೊತ್ತಾದರೆ ಮನೆಯವರೆಲ್ಲ ಹಟ್ಟಿಯಲ್ಲೇ ಇರುತ್ತಾರೆ. ನೀರಿನ ವರದಿ ಕೈಯಲ್ಲಿರಲಿ.

— ಸಂಪಾದಕ