ಅಜ್ಜನ ಮಾಪಕ ಒಂದಿಂಚು, ಮೊಮ್ಮಗನ ಡಬ್ಬಿ ಎರಡೂಕಾಲು!

ಪ್ರಶ್ನೆ: ಆರನೇ ಕ್ಲಾಸಿನ ಮಗ ಮಳೆ ಅಳೆಯಲು ಪ್ಲಾಸ್ಟಿಕ್ ಡಬ್ಬಿಯ ಮೇಲೆ ಅಡುಗೆಮನೆಯ ಆಲಿಕೆ ಕೂರಿಸಿ ಅಂಗಳದಲ್ಲಿಟ್ಟಿದ್ದ. ಬೆಳಿಗ್ಗೆ ಸ್ಕೇಲ್ ಹಿಡಿದರೆ ಎರಡೂಕಾಲು ಇಂಚು. ತೋಟದಲ್ಲಿರುವ ಅಜ್ಜನ ಮಾಪಕದಲ್ಲಿ ಒಂದೇ ಇಂಚು! ಅಜ್ಜ ನಕ್ಕುಬಿಟ್ಟರು, ಇವನಿಗೆ ಸಿಟ್ಟು. ಯಾರದ್ದು ಸರಿ?
– ಒಬ್ಬ ತಾಯಿ, ಸೋಮವಾರಪೇಟೆ

ಉತ್ತರ: ಅಜ್ಜನದ್ದೇ ಸರಿ. ಆದರೆ ಮಗನ ಡಬ್ಬಿಯಲ್ಲಿದ್ದ ನೀರೂ ಸುಳ್ಳಲ್ಲ. ಆಲಿಕೆಯ ಬಾಯಿ ಎಷ್ಟು ಅಗಲ, ಡಬ್ಬಿ ಎಷ್ಟು ಅಗಲ ಅಂತ ಅವನ ಕೈಲೇ ಅಳೆಸಿ. ಆಲಿಕೆ 12 ಸೆಂ.ಮೀ., ಡಬ್ಬಿ 8 ಸೆಂ.ಮೀ. ಆಸುಪಾಸು ಇರಬೇಕು ಅಂತ ನನ್ನ ಊಹೆ. 12ನ್ನು 8ರಿಂದ ಭಾಗಿಸಿದರೆ ಒಂದೂವರೆ, ಅದನ್ನು ಒಂದೂವರೆಯಿಂದಲೇ ಗುಣಿಸಿದರೆ ಎರಡೂಕಾಲು. ಅಗಲದ ಬಾಯಿಗೆ ಬಿದ್ದ ಮಳೆ ಸಣ್ಣ ಹೊಟ್ಟೆಯೊಳಗೆ ಎತ್ತರಕ್ಕೆ ನಿಂತಿದೆ, ಅಷ್ಟೇ.

ತಮಾಷೆ ಏನು ಗೊತ್ತಾ, ಅಜ್ಜನ ಮಾಪಕದಲ್ಲೂ ನಡೆಯುವುದು ಇದೇ ಆಟ. ಅಗಲದ ಆಲಿಕೆಗೆ ಬಿದ್ದ ನೀರನ್ನು ಅವರು ತೆಳ್ಳಗಿನ ಗಾಜಿನ ಜಾಡಿಗೆ ಸುರಿದು ನೋಡುತ್ತಾರೆ, ಜಾಡಿಯ ಗೆರೆಗಳನ್ನು ಆ ಲೆಕ್ಕಕ್ಕೇ ದೂರ ದೂರ ಎಳೆದಿರುತ್ತಾರೆ. ಹಾಗಾಗಿಯೇ ಕೊಡಗಿನ ಬೆಳೆಗಾರರು ಮಳೆಯನ್ನು ಇಂಚು, ಸೆಂಟ್ ಅಂತ ಹೇಳಬಲ್ಲರು. ನೂರು ಸೆಂಟ್ ಸೇರಿದರೆ ಒಂದಿಂಚು, ಅಂದರೆ 25.4 ಮಿ.ಮೀ. ಒಂದು ಸೆಂಟ್ ಅಂದರೆ ಕಾಲು ಮಿಲಿಮೀಟರ್, ಶಾಲೆಯ ಸ್ಕೇಲಿನಲ್ಲಿ ಅದೆಲ್ಲಿ ಕಾಣಬೇಕು! ಕಾಫಿ ಹೂಮಳೆಯ (ಕಾಫಿ ಗಿಡ ಹೂ ಬಿಡಲು ಬೇಕಾದ ಬೇಸಿಗೆ ಮಳೆ) ಸಮಯದಲ್ಲಿ "ನಿಮ್ಮಲ್ಲಿ ಎಷ್ಟು ಸೆಂಟ್ ಆಯ್ತು?" ಅಂತ ಅಜ್ಜ ಫೋನಿನಲ್ಲಿ ಕೇಳುವುದನ್ನು ಮಗ ಕೇಳಿಯೇ ಇರುತ್ತಾನೆ.

ಸುಲಭದ ದಾರಿ ಬೇಕಾದರೆ ಆಲಿಕೆ ತೆಗೆದುಬಿಡಿ, ಬಾಯಿಯಿಂದ ತಳದವರೆಗೆ ಒಂದೇ ಅಗಲದ ಡಬ್ಬಿ ಇಡಿ. ತಳ ಉಬ್ಬುತಗ್ಗಾಗಿದ್ದರೆ ಕಲ್ಲು ಹಾಕಿ, ಅದು ಮುಳುಗುವಷ್ಟು ನೀರು ತುಂಬಿ, ಅಲ್ಲಿ ಸೊನ್ನೆಯ ಗೆರೆ ಎಳೆಯಿರಿ. ಸೂರಿನ ಹತ್ತಿರ, ಸಿಲ್ವರ್ ಓಕ್ ಮರದ ಕೆಳಗೆ ಇಡಬೇಡಿ. ದಿನಾ ಒಂದೇ ಹೊತ್ತಿಗೆ ನೋಡಿ, ಹವಾಮಾನ ಇಲಾಖೆಯವರ ಹಾಗೆ ಬೆಳಿಗ್ಗೆ 8.30ಕ್ಕೆ ಆದರೆ ಒಳ್ಳೆಯದು.

ಪ್ರಶ್ನೆ: ರಾಜಾಸೀಟ್‌ನಲ್ಲಿ ಕಂಡ ಮಂಜು ಮೋಡವೇನಾ ಅಂತ ಮಗಳು ಕೇಳುತ್ತಾಳೆ. ಮನೆಯಲ್ಲಿ ತೋರಿಸಬಹುದಾ?
– ಓದುಗ, ಮಡಿಕೇರಿ

ಉತ್ತರ: ಹೌದು, ನೆಲಕ್ಕೆ ತಾಗಿದ ಮೋಡವೇ. ಪಾರದರ್ಶಕ ನೀರಿನ ಬಾಟಲಿಗೆ ನಾಲ್ಕು ಚಮಚ ಬೆಚ್ಚಗಿನ ನೀರು ಹಾಕಿ ಕುಲುಕಿ. ಊದುಬತ್ತಿಯ ಹೊಗೆ ಸ್ವಲ್ಪ ಒಳಗೆ ಬಿಟ್ಟು (ಕಡ್ಡಿ ಗೀರುವ ಕೆಲಸ ನಿಮ್ಮದು) ಮುಚ್ಚಳ ಹಾಕಿ. ಗಟ್ಟಿಯಾಗಿ ಹಿಸುಕಿ ಹಿಡಿದು, ತಟ್ಟನೆ ಬಿಡಿ. ಒಳಗೆ ಮಂಜು! ಮತ್ತೆ ಹಿಸುಕಿದರೆ ಮಾಯ. ಬಿಟ್ಟಾಗ ಗಾಳಿ ಹಿಗ್ಗುತ್ತದೆ, ಹಿಗ್ಗಿದರೆ ತಣ್ಣಗಾಗುತ್ತದೆ, ಆವಿ ಹೊಗೆಯ ಕಣಗಳನ್ನು ಹಿಡಿದುಕೊಂಡು ಹನಿಯಾಗುತ್ತದೆ. ಅರಬ್ಬಿ ಸಮುದ್ರದ ಗಾಳಿ ಘಟ್ಟ ಹತ್ತುವಾಗಲೂ ಹೀಗೇ ಹಿಗ್ಗಿ ತಣ್ಣಗಾಗುವುದು. ಹೊಗೆ ಇಲ್ಲದೆಯೂ ಒಮ್ಮೆ ಮಾಡಿಸಿ, ವ್ಯತ್ಯಾಸ ಅವಳೇ ಹೇಳುತ್ತಾಳೆ. ಕುದಿಯುವ ನೀರು ಮಾತ್ರ ಬೇಡ, ಬಾಟಲಿ ಮುದುಡಿ ಹೋಗುತ್ತದೆ. ನಮ್ಮ ಮನೆಯಲ್ಲಿ ಎರಡು ಹಾಗೇ ಹೋದವು.